ಲಿಡಿಯಾ ತೀರಿಸಿದ ಮುಯ್ಯಿ

ಫ್ರಿಸ್ಕೋ
೧೪ ಸೆಪ್ಟೆಂಬರ್ ೨೦೧೪

ಮೊಮ್ಮಗಳು ನಿರುಪಮಾಳಿಗೆ ಅಜ್ಜಿಯ ಆಶೀರ್ವಾದ. ಬೈಗುಳ ಕೆಳಗಿದೆ.

ಮೊದಲು ಆ ಫೋನ್ ಪಕ್ಕಕ್ಕಿಡು. ಅಜ್ಜಿಯ ಕಾಗದ ಓದುವಾಗಲೂ ನಿನ್ನ ಒಂದು ಕಣ್ಣು ಅದರಲ್ಲೇ ಇರುತ್ತದೆ. ಆಸ್ಟಿನ್ನಿನ ಸೆಕೆ ತಗ್ಗಿತೇ? ಕೆಮ್ಮು ಹೋಯಿತೇ? ಬೆಳಿಗ್ಗೆ ಏನಾದರೂ ತಿನ್ನುತ್ತೀಯೋ, ಬರೀ ಕಾಫಿಯೋ? ನನ್ನ ಮಂಡಿ ಹಾಗೇ ಇದೆ.

ಇಲ್ಲಿಯ ರೈತ ಸಹೋದರರ ಸಂಘಕ್ಕೆ ನೂರು ವರ್ಷ ತುಂಬುತ್ತದೆಂದು ನೀನು ಬರೆದುಕೊಟ್ಟ ಚರಿತ್ರೆಯನ್ನು ನಿನ್ನ ಚಿಕ್ಕಪ್ಪ ಶ್ರೀಪತಿ ಮೊನ್ನೆ ಇಂಗ್ಲಿಷಿನಲ್ಲಿ ಓದಿ, ನನಗೆ ಕನ್ನಡದಲ್ಲಿ ಹೇಳಿದ. ಪಕ್ಕದ ಮನೆಯ ಲಿಡಿಯಾಳೂ ಕೂತಿದ್ದಳು. ಒಬ್ಬ ಸದಸ್ಯ ಹಾಸಿಗೆ ಹಿಡಿದರೆ ಉಳಿದವರು ಅವನ ಹೊಲದ ಹತ್ತಿ ಬಿಡಿಸಿಕೊಡುತ್ತಿದ್ದರು, ಎಂಥ ಸಹಾಯ ಎಂದು ಹೊಗಳಿದ್ದೀಯ. ಸಹಾಯವಲ್ಲ ಕಣೇ, ನಮ್ಮೂರಿನ ಮುಯ್ಯಾಳು ಅದು. ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನಿನ್ನ ಮನೆಯವರು ಬರಲೇಬೇಕು. ಬಾರದ ಮನೆಯವರು ಆಮೇಲೆ ತಲೆ ಎತ್ತಿ ಓಡಾಡುವ ಹಾಗಿಲ್ಲ.

ಲಿಡಿಯಾಳ ಗಂಡ ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡಾಗ ಸಂಘದವರು ಬಂದು ಹತ್ತಿ ಬಿಡಿಸಿದರು. ಅವನು ಮತ್ತೆ ಏಳಲಿಲ್ಲ. ಹಾಗಾದರೆ ಆ ಮನೆಯ ಮುಯ್ಯಿ ತೀರಿಸಿದವರು ಯಾರು? ಆಗಿನ್ನೂ ಎಳೆಯ ಹೆಂಗಸು, ಕರೆ ಬಂದಾಗಲೆಲ್ಲ ಹತ್ತಿ ಚೀಲ ಹೆಗಲಿಗೆ ಹಾಕಿಕೊಂಡು ಇವಳೇ ಹೋದಳು. ಮೊದಲ ದಿನ ಗಂಡಸರು, 'ನೀವು ಅಡುಗೆ ಮನೆ ಕಡೆ ಇರಿ' ಎಂದರಂತೆ. 'ನನ್ನ ಹೊಲಕ್ಕೆ ಬಂದಾಗ ನೀವೇನು ಅಡುಗೆ ಮಾಡಿದ್ರಾ?' ಎಂದು ಕೇಳಿ ಸಾಲಿಗಿಳಿದಳಂತೆ. ನನಗೆ ಇದನ್ನೆಲ್ಲ ಅವಳೇ ಹೇಳಿದ್ದು, ಶ್ರೀಪತಿ ಕನ್ನಡ ಮಾಡಿ ತಿಳಿಸಿದ. ಗಂಡಸರಿಗೆ ಮಾತ್ರ ಸದಸ್ಯತ್ವವೆಂದು ಸಂಘದವರು ಅವಳ ಹೆಸರು ಸೇರಿಸಲಿಲ್ಲ. ಅವರ ಹಣೆಬರಹ ಬಿಡು. ನೀನು? ಅವಳ ಮನೆಯಲ್ಲಿ ಕೂತು, ಅವಳು ಸುಟ್ಟುಕೊಟ್ಟ ಹಣ್ಣಿನ ಬನ್ನು ತಿಂದು, ಸಂಘದ ಮುದುಕರ ವಿಳಾಸ ಕೇಳಿಕೊಂಡು ಎದ್ದು ಬಂದೆ. ಅವಳನ್ನು ಒಂದು ಮಾತು ಕೇಳಲು ತೋಚಲಿಲ್ಲ. 'ಹೆಂಗಸರು ಕಾಫಿ ತಿಂಡಿ ಒದಗಿಸುತ್ತಿದ್ದರು' ಎಂದು ಒಂದೇ ಸಾಲಿನಲ್ಲಿ ಮುಗಿಸಿದೆ.

ಓದಿದ್ದು ಮುಗಿದಾಗ ಲಿಡಿಯಾ, 'ಹುಡುಗಿ ಚೆನ್ನಾಗಿ ಬರೆದಿದ್ದಾಳೆ' ಎಂದಳು. ಕಾಫಿ ಅರ್ಧಕ್ಕೇ ಬಿಟ್ಟು ಮನೆಗೆ ಹೋದಳು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅಚ್ಚಿಗೆ ಹೋಗುವ ಮೊದಲು ಅದನ್ನು ತಿದ್ದು.

ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಕೇಳುವ ಕಿವಿಯನ್ನೂ.

ನಿನ್ನ ಅಜ್ಜಿ,
ಸುಶೀಲಮ್ಮ

ಬರೆಯಲು ಮರೆತೆ: ಲಿಡಿಯಾ ಮನೆ ಮಾರಿ ಮುಂದಿನ ತಿಂಗಳು ಹ್ಯೂಸ್ಟನ್ನಿಗೆ, ಅಲ್ಲಿ ಕ್ಲಿಯರ್ ಲೇಕ್ ಎಂಬ ಕಡೆ ಇರುವ ಮಗನ ಮನೆಗೆ ಶಿಫ್ಟ್ ಆಗುತ್ತಿದ್ದಾಳೆ. ಸಂಘದ ಸಮಾರಂಭಕ್ಕೆ ಬರುವುದಿಲ್ಲವಂತೆ. ಅಲ್ಲಿ ನನ್ನದೇನಿದೆ ಎಂದಳು. ಅವಳು ಹೊರಡುವ ಮೊದಲು, ತಿದ್ದಿದ್ದನ್ನು ನೀನೇ ತಂದು ಅವಳೆದುರು ಕೂತು ಓದಬೇಕು. ಯಾವ ಶನಿವಾರ ಬರುತ್ತೀಯೆಂದು ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆ.