ಎಡಗಡೆಯ ತಲೆನೋವು

ತ್ರಿಪ್ಲಿಕೇನ್, ಚೆನ್ನೈ
೧೮ ನವೆಂಬರ್ ೨೦೨೪

ಪ್ರೀತಿಯ ಸೀತಾ,

ನೀನು ಕಳಿಸಿದ ಹಲಸಿನ ಹಪ್ಪಳ ಬಂದು, ಕರಿದು, ತಿಂದು ಮುಗಿದೂ ಹೋಯಿತು. ನನ್ನ ಉತ್ತರ ಮಾತ್ರ ಈಗ ಹೊರಟಿದೆ. ಬಯ್ಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಮುಂದೆ ಓದು. ಮೊಬೈಲ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ನಮ್ಮ ಮನೆ ಇರುವುದು ಹೋಟೆಲಿನ ಮಾಳಿಗೆಯಲ್ಲಿ. ಇಲ್ಲಿ ನಾನು ಫೋನಿನಲ್ಲಿ ಸೀನಿದರೂ ಕೆಳಗೆ ಸಾಂಬಾರು ಬಡಿಸುವವನು ಶೀತವಾ ಎಂದು ಕೇಳುತ್ತಾನೆ. ನಾಚಿಕೆಯ ಮಾತನ್ನು ಹಾಗೆ ಕೂಗಿ ಹೇಳಲಾಗುವುದಿಲ್ಲ.

ನನ್ನ ತಲೆನೋವು ನಿನಗೆ ಗೊತ್ತಿರುವುದೇ. ಎಡಗಡೆ ಕತ್ತಿನಿಂದ ಹೊರಟು ಕಣ್ಣಿನ ಹಿಂದೆ ಬಂದು ಕೂರುವಂಥದು. ಬಂತೆಂದರೆ ಬೆಳಕು ಬೇಡ, ಮನುಷ್ಯರ ದನಿ ಬೇಡ, ಒಗ್ಗರಣೆಯ ವಾಸನೆ ಬೇಡ. ಹೋಟೆಲಿನವರ ಹೆಂಡತಿಗೆ ಒಗ್ಗರಣೆ ಬೇಡವೆಂದರೆ ಅವಳು ಹೋಗುವುದಾದರೂ ಎಲ್ಲಿಗೆ? ಡಾಕ್ಟರು ಸ್ಕ್ಯಾನ್ ಮಾಡಿಸಿ, ಹೆದರುವಂಥದ್ದು ಏನೂ ಇಲ್ಲ ಎಂದರು. ಮಾತ್ರೆ ಕೊಟ್ಟು, ಕತ್ತಿನ ಸ್ನಾಯು ಬಿಗಿದಿದೆ, ಕೈಯಲ್ಲಿ ಒತ್ತಿ ಸಡಿಲಿಸುವ ಚಿಕಿತ್ಸೆಯನ್ನೂ ಮಾಡಿಸಿ ಎಂದರು. ಮಗಳು ವೀಕ್ಷಾ ಹತ್ತಿರದ ಫಿಸಿಯೋ ಒಬ್ಬಳ ಬಳಿ ಕರೆದುಕೊಂಡು ಹೋದಳು.

ಮಂಡ್ಯ ಕಡೆಯ ಹುಡುಗಿ. ಹೆಸರು ಮೌನ, ಆದರೆ ಬಾಯಿಗೆ ಬಿಡುವೇ ಇಲ್ಲ. "ಏನಮ್ಮಾ, ಭುಜಾನ ಕಿವಿ ಹತ್ರ ತಂದಿಟ್ಕೊಂಡಿದ್ದೀರಲ್ಲ! ಇಳಿಸಿ. ತಲೆ ಭಾರಾನೆಲ್ಲ ನನ್ ಕೈಗೆ ಬಿಡಿ" ಎಂದಳು. ನನಗೆ ಬಿಡಲು ಬರಲಿಲ್ಲ ಸೀತಾ. ಅವಳು ತಲೆಬುರುಡೆಯ ಅಂಚಿನ ಕೆಳಗೆ ಬೆರಳುಗಳನ್ನಿಟ್ಟು ಸುಮ್ಮನೆ ಕಾದಳು. ಸ್ವಲ್ಪ ಹೊತ್ತಿಗೆ ಒಳಗೆ ಏನೋ ಸಡಿಲವಾಯಿತು, ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಪರದೆಯ ಆಚೆ ಬೇರೆ ರೋಗಿಗಳು ಕುಳಿತಿದ್ದರು. ಈ ವಯಸ್ಸಿನಲ್ಲಿ ಹಾಗೆ ಅತ್ತೆನಲ್ಲಾ ಎಂದು ಮುಖ ತೋರಿಸಲಾಗದಂತಾಯಿತು. "ಅಳಿ ಅಮ್ಮಾ, ಇಲ್ಲಿ ಸುಮಾರು ಜನ ಅಳ್ತಾರೆ" ಎಂದು ಅವಳು ಟವೆಲ್ ಕೊಟ್ಟಳು. ಅಂದು ಮನೆಗೆ ಬಂದು ಮಗಳ ಮುಖವನ್ನೂ ನೋಡದೆ ಮಲಗಿದೆ.

ದಿನವೂ ಈ ಟ್ರಾಫಿಕ್ಕಿನಲ್ಲಿ ಬರುವುದು ಬೇಡ, ಮನೆಯಲ್ಲಿ ಯಾರಾದರೂ ಕಲಿತುಕೊಳ್ಳಲಿ ಎಂದಳು ಮೌನ. ವೀಕ್ಷಾ, "ಅಪ್ಪಾ ಪಣ್ಣಟ್ಟುಂ" ಎಂದುಬಿಟ್ಟಳು, ಅಪ್ಪನೇ ಮಾಡಲಿ ಎಂದು. ನಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು.

ನೀನು ಬಾಬಣ್ಣ ಎಂದು ಕರೆಯುವ ನಮ್ಮ ಯಜಮಾನರು ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ, ಲಿಂಬೆಹುಳಿ ಹಾಕಿ ಕೈ ತಿಕ್ಕಿಕೊಂಡು ಮೌನಳ ಬಳಿಗೆ ಬಂದರು. ಹೋಟೆಲ್ ನಮ್ಮದೇ ಆದರೂ ದೋಸೆ ಕಾವಲಿಯ ಮುಂದೆ ನಿಲ್ಲುವುದು ಇವತ್ತಿಗೂ ಅವರೇ. ಅಂಗೈ ಮುಂದೆ ಚಾಚಿ, "ಇದು ಕಾವಲಿಯಲ್ಲಿ ಸುಟ್ಟ ಕೈ ಮಾರಾಯ್ತಿ, ಇದರಲ್ಲಿ ತಲೆ ಹಿಡಿಯುವುದು ಹೇಗೆ?" ಎಂದರು. ಮೌನ ಕೇಳಿದಳು, "ಹಿಟ್ಟು ಹುಯ್ದ ಮೇಲೆ ಸೌಟು ಆಡಿಸ್ತೀರಲ್ಲ, ಎಷ್ಟು ಭಾರ ಹಾಕ್ತೀರಿ?" ಇವರು ನಕ್ಕು, "ಭಾರ ಹಾಕಿದ್ರೆ ದೋಸೆ ಹರೀತದೆ. ಸೌಟು ತಾನೇ ಹೋಗ್ಬೇಕು" ಎಂದರು. "ಅಷ್ಟೇ ಸಾಕು ನೋಡಿ" ಎಂದಳು. ಒಂದೇ ಸಲಕ್ಕೆ ಕಲಿತರು.

ವೀಕ್ಷಾ ದೊಡ್ಡವಳಾದ ಮೇಲೆ ಇವರ ಹಾಸಿಗೆ ಮಾಳಿಗೆಯಿಂದ ಕೆಳಗೆ, ಗ್ರೈಂಡರ್ ಕೋಣೆಯ ಪಕ್ಕಕ್ಕೆ ಇಳಿದಿತ್ತು. ಬೆಳಗಿನ ಜಾವ ಏಳಬೇಕು, ನಿಮ್ಮ ನಿದ್ದೆ ಯಾಕೆ ಕೆಡಿಸುವುದು ಎಂದು ಅವರೇ ಹೇಳಿದ್ದರು. ನಾನೂ ಹೂಂ ಎಂದಿದ್ದೆ. ನಮ್ಮಲ್ಲಿ ಜಗಳವಿಲ್ಲ, ಆಯ್ತಾ? ಉಪ್ಪು, ಉದ್ದು, ಗ್ಯಾಸ್ ಸಿಲಿಂಡರು ಎಂದು ದಿನವಿಡೀ ಮಾತಾಡುತ್ತೇವೆ. ಈಗ ಊಟದ ಹೊತ್ತು ಕಳೆದು ತಿಂಡಿಯ ಹೊತ್ತು ಬರುವುದರೊಳಗೆ ಅವರು ಮೇಲೆ ಬರುತ್ತಾರೆ. ನನ್ನ ಕಣ್ಣಿನ ಮೇಲೆ ಒದ್ದೆ ಬಟ್ಟೆ, ಕತ್ತಿನ ಕೆಳಗೆ ಅವರ ಕೈ. ಮುಖ ಕಾಣದಿರುವುದಕ್ಕೋ ಏನೋ, ಮಾತು ಬರುತ್ತದೆ. ಮೊನ್ನೆ ತಮ್ಮ ಅಮ್ಮ ಗಂಜಿಗೆ ತುಪ್ಪ ಬಿಡುತ್ತಿದ್ದ ರೀತಿಯನ್ನು ಹೇಳಿದರು. ಮದುವೆಯಾಗಿ ಇಷ್ಟು ಕಾಲಕ್ಕೆ ಅದನ್ನು ಮೊದಲ ಸಲ ಕೇಳಿದೆ.

ಆದರೆ ಅವರ ಮಧ್ಯಾಹ್ನದ ನಿದ್ದೆ ಹೋಯಿತು. ಭುಜ ಹಿಡಿದುಕೊಂಡಿದೆ. ಅದರ ಮೇಲೆ ನನ್ನ ತಲೆನೋವು ಪೂರ್ತಿ ಹೋಗುವವರೆಗೆ ಕಾಫಿ ಮುಟ್ಟುವುದಿಲ್ಲ ಎಂದು ಕೊಲ್ಲೂರಮ್ಮನಿಗೆ ಹರಕೆ ಬೇರೆ ಹೊತ್ತಿದ್ದಾರೆ! ಬಾಬಣ್ಣ ಮತ್ತು ಕಾಫಿ ಎಂದರೆ ಏನೆಂದು ನಿನಗೆ ಹೇಳಬೇಕೇ? ಊರಿಗೆಲ್ಲ ಡಿಕಾಕ್ಷನ್ ಇಳಿಸಿ, ತಾವು ಬಿಸಿನೀರು ಕುಡಿದು ಮತ್ತೆ ಕಾವಲಿಯ ಮುಂದೆ ನಿಲ್ಲುತ್ತಾರೆ. ನೋಡಲಾಗುವುದಿಲ್ಲ. ನೀನು ಕೊಲ್ಲೂರಿಗೆ ಹೋದರೆ ನನ್ನ ತಲೆಯ ಹೆಸರಿನಲ್ಲಿ ಏನೂ ಹೊತ್ತುಕೊಳ್ಳಬೇಡ, ದಮ್ಮಯ್ಯ.

ಹೊಸ ಮೊಮ್ಮಗುವಿಗೆ ನನ್ನ ಮುತ್ತು. ಅದರ ತಲೆ ತಣ್ಣಗಿರಲಿ, ನಿನ್ನ ಮನೆ ತುಂಬಿರಲಿ.

ನಿನ್ನ
ವಿನೋದಾ

ಮರೆತಿದ್ದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸೀತಾ, ನವರಾತ್ರಿಗೆ ಮೊದಲೇ ನನ್ನ ತಲೆನೋವು ಹೋಗಿದೆ. ಒಂದು ಚೂರೂ ಇಲ್ಲ. ಇದೆ ಎನ್ನುತ್ತಿದ್ದೇನೆ. ನೋವಿಲ್ಲದಿದ್ದರೆ ಅವರು ನನ್ನನ್ನು ಮುಟ್ಟಲು ಕಾರಣವೇ ಇಲ್ಲವಲ್ಲ. ಹಾಗೇ ಒಂದು ಘಳಿಗೆ ಕೂತುಕೊಳ್ಳಿ ಎಂದು ಗಂಡನನ್ನು ಕೇಳಲು ನನಗೆ ಬಾಯಿಲ್ಲ. ನಿನ್ನೆ ಗಟ್ಟಿ ಮನಸ್ಸು ಮಾಡಿ, "ಇವತ್ತು ನೋವಿಲ್ಲ" ಎಂದೆ. "ಹೌದಾ? ಅಮ್ಮ ಕಣ್ಣುಬಿಟ್ಟಳು!" ಎಂದು ತಕ್ಷಣ ಕೈ ತೆಗೆದು, ಹುಡುಗನ ಹಾಗೆ ಮೆಟ್ಟಿಲಿಳಿದು ಹೋದರು. ನಾನು ಮೇಲಿನಿಂದ ನೋಡುತ್ತಿದ್ದೆ. ತಾವೇ ಡಿಕಾಕ್ಷನ್ ಹಾಕಿ, ಹಾಲು ಬೆರೆಸಿ, ಎತ್ತಿ ಹೊಯ್ದು, ಲೋಟ ತುಟಿಯ ಹತ್ತಿರ ತಂದಿದ್ದರು. ನಾನು ಅಲ್ಲಿಂದಲೇ, "ಎಡಗಡೆ ಸ್ವಲ್ಪ ಉಂಟು" ಎಂದೆ. ಅವರು ಲೋಟವನ್ನು ಹಾಗೇ ಕೆಳಗಿಟ್ಟು, ಕೈ ತೊಳೆದುಕೊಂಡು ಮೇಲೆ ಬಂದರು.