ಒದ್ದೆ ಬಟ್ಟೆಯಿಂದ ಒರೆಸಿದ ಗೋಡೆ

೧೯ ಸೆಪ್ಟೆಂಬರ್ ೨೦೦೩, ಶುಕ್ರವಾರ

ತೇವ ಅಳೆಯುವ ಮೀಟರನ್ನು ಒತ್ತುವ ಮೊದಲು ಆ ಮನುಷ್ಯ ಗೋಡೆಯನ್ನು ಒದ್ದೆ ಬಟ್ಟೆಯಿಂದ ಏಕೆ ಒರೆಸಿದ? ಬುಧವಾರದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅವನು ನೀರು ನುಗ್ಗಿ ಕೆಟ್ಟ ಹಳೆಯ ಮನೆಗಳನ್ನು ಸರಿಪಡಿಸುವ, ಇಲ್ಲಿನ ಓಖ್ಲಾ ಬಡಾವಣೆಯ ಗುತ್ತಿಗೆದಾರ, ಚಡ್ಢಾ. ನಮ್ಮ ಬೇಸ್‌ಮೆಂಟಿನಲ್ಲಿ ಅವನ ತೇವಮಾಪಕ ಕಿರುಚಿತು. "ದೀವಾರ್ ಗೀಲೀ ಹೈ, ಸಾಬ್," ಗೋಡೆ ಒದ್ದೆಯಾಗಿದೆ ಎಂದ. ಹೊರಗಿನಿಂದ ಅಗೆದು ನೀರು ತಡೆಯಬೇಕಂತೆ. ಒರೆಸಿದ್ದೇಕೆಂದು ಕೇಳಿದೆ. ಧೂಳಿತ್ತೆಂದ. ಮಹಡಿಯ ಒಣ ಗೋಡೆಯನ್ನೂ ಹಾಗೆಯೇ ಒರೆಸಿ ಅಳೆಯಲು ಹೇಳಿದೆ. ಅಲ್ಲಿಯೂ ಕಿರುಚಿತು. ಅವನನ್ನು ಕಳುಹಿಸಿಬಿಟ್ಟೆ.

ನನ್ನ ಹೆಂಡತಿ ಸುಮಿತ್ರಾ ಭಾನುವಾರಗಳಂದು ಬೇಸ್‌ಮೆಂಟಿನಲ್ಲಿ ಇಲ್ಲಿನ ಕನ್ನಡಿಗರ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಈಚೆಗೆ ಮಕ್ಕಳು ಕೆಮ್ಮುತ್ತಿದ್ದಾರೆ. ಅದು ಗಾಳಿಯ ತೇವವಷ್ಟೇ, ಕಿಟಕಿ ತೆರೆದರೆ ಸಾಕೆಂದು ಬುಧವಾರವೇ ಅವಳಿಗೆ ಭರವಸೆ ಕೊಟ್ಟಿದ್ದೆ.

ನಿನ್ನೆ ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿದೆ. ಹನಿ ಹೊರಮುಖದಲ್ಲಿ ಮೂಡಿದರೆ ತೇವ ಗಾಳಿಯದು, ಒಳಮುಖದಲ್ಲಾದರೆ ಗೋಡೆಯದು. ಇಂದು ಸಂಜೆ ಇಬ್ಬರೂ ನೋಡಿದೆವು. ಹೊರಮುಖ ಒಣಗಿತ್ತು. ಒಳಗೆ ಹನಿಗಳು ತುಂಬಿದ್ದವು. ಟೇಪ್ ಎಲ್ಲಾದರೂ ಬಿಟ್ಟಿದೆಯೇ ಎಂದು ನಾನು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದೆ.

"ರೀ, ಈಗ ಗೋಡೇನೂ ಅವನ ಜೊತೆ ಶಾಮೀಲಾ?" ಎಂದಳು.

ಅವನ ಅಳತೆ ಮೋಸದ್ದು. ಹೇಳಿದ ಮಾತು ಮಾತ್ರ ನಿಜ. ಬೇರೊಬ್ಬನನ್ನು ಕರೆಸಬೇಕು. ಮೊದಲು ಅವನ ಕೈಯಲ್ಲಿ ಬಟ್ಟೆ ಇದೆಯೇ ಎಂದು ನೋಡಬೇಕು.

ಪಾಠವನ್ನು ಮೇಲಿನ ಹಜಾರಕ್ಕೆ ಬದಲಿಸೋಣವೆಂದೆ. ಮೇಲೆ ಬಂದು ನೋಡಿದರೆ ಮಕ್ಕಳ ಚಾಪೆಗಳು ಆಗಲೇ ಹಜಾರದಲ್ಲಿದ್ದವು. ಬುಧವಾರವೇ ತಂದಿಟ್ಟಿದ್ದಳಂತೆ. ಹಾಗಾದರೆ ನಾನು ಭರವಸೆ ಕೊಟ್ಟ ದಿನವೇ ಅವಳು ನನ್ನ ಮಾತನ್ನು ನಂಬಿರಲಿಲ್ಲ.