ಖಜೂರಿಯ ಎರಡರ ಚಾ

ಖಜೂರಿ, ಶನಿವಾರ

ರಮಾಬಾಯಿ ಅಕ್ಕಗ ಜೈ ಭೀಮ್.

ಪೋಸ್ಟಿನ ನೌಕರಿ ಮಾಡಾಂವ ಅಕ್ಕಗ ಒಂದು ಕಾರ್ಡ್ ಬರೀಲಿಲ್ಲಂದ್ರ ಹೆಂಗ? ನೆಲೋಗಿಯಿಂದ ಇಲ್ಲಿಗೆ ವರ್ಗ ಆಗಿ ತಿಂಗಳಾತು, ಒಂದು ರಾತ್ರಿನೂ ಕಣ್ಣಿಗೆ ಕಣ್ಣು ಹತ್ತಿಲ್ಲ. ಮನಿಯಾಕಿ ದ್ರೌಪದಿ ತೀರಿಕೊಂಡಾಗಿಂದ ನಂದು ಹಿಂಗ ಅಂತ ನಿನಗ ಗೊತ್ತದ.

ಮೊನ್ನೆ ರಾತ್ರಿ ಎರಡಕ್ಕ ಎದ್ದು ಲೈಟ್ ಹಾಕಿ, ಒಬ್ಬಂವಗಷ್ಟೇ ಚಾ ಕುದಸಾಕತ್ತಿದ್ದೆ. ರಸ್ತೆ ಮ್ಯಾಲ ಲಾರಿ ನಿಂತ ಸಪ್ಪಳಾತು. ಡ್ರೈವರ್ ಕಿಟಕ್ಯಾಗ ಹಣಿಕಿ ಹಾಕಿ, "ಮಾಮಾ, ಎರಡು ಚಾ ಕೊಡ್ರಿ" ಅಂದ. ನನ್ನ ಮನಿನ ಹೋಟೆಲ್ ಅಂತ ತಿಳದಿದ್ದ! "ಇದು ಮನಿ ಅದಪಾ" ಅಂದಕೂಡ್ಲೆ ಪಾಪ, ನಾಚಿಕೊಂಡು ಹೊಂಟ. ನಾನ ಕರದು ಕುಂಡರಿಸಿದೆ. ಮುಜಮ್ಮಿಲ ಅಂತ ಹೆಸರು. ಇದ್ದ ಒಂದು ಕಪ್ಪಿನ ಚಾಕ್ಕ ನೀರು ಸುರದು ನಾನು, ಅಂವ, ಅವನ ಕ್ಲೀನರ್ ಮೂರೂ ಮಂದಿ ಕುಡದಿವಿ. ಅಂವ ದಾರಿ ತುಂಬ ಹೇಳ್ಯಾನೋ ಏನೋ, ನಿನ್ನೆ ರಾತ್ರಿ ನಾಕು ಲಾರಿ ನಿಂತಿದ್ವು.

ಬಿಪಿ ಗುಳಗಿ ತಪ್ಪದ ತಗೋಳಾಕತ್ತೇನಿ, ಚಿಂತಿ ಮಾಡಬ್ಯಾಡ.

ಕಾರ್ಡಿನ್ಯಾಗ ಜಾಗ ಮುಗೀತು. ಆಕಿ ಹೋದ ಮ್ಯಾಲ ಒಬ್ಬಂವಗ ಯಾಕ ಅಂತ ನಿನ್ನ ಮನ್ಯಾಗ ಇಟ್ಟು ಬಂದೇನಲ್ಲ, ದ್ರೌಪದಿಯ ದೊಡ್ಡ ಚಾ ಪಾತೇಲಿ, ಅದನ್ನ ಗುರುವಾರದ ಬಸ್ಸಿಗೆ ಕಳಸು. ಸಣ್ಣದು ಈಗ ಸಾಲವಲ್ದು.

ನಿನ್ನ ತಮ್ಮ,
ಜಗದೇವ